ಕಾರ್ಬುರೇಟರ್ ಪ್ಯಾಕಿಂಗ್ ಕೂರಿಸುವುದು: ಹಳೆಯ ಗಾಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮತ್ತು ಆ ಮಿಶ್ರಣವನ್ನು ಸಿಲಿಂಡರ್‌ಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ನಡುವೆ ಕೂರುವ ಪ್ಯಾಕಿಂಗ್ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕಾರು, ಬೈಕು, ಜೀಪು, ಹಳೆಯ ಪೆಟ್ರೋಲ್ ಟ್ರಾಕ್ಟರ್ ಯಾವುದಾದರೂ ಕೆಲಸದ ಬಗೆ ಒಂದೇ. ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಪುಸ್ತಕ ಕೈಯಲ್ಲಿದ್ದರೆ ಅಳತೆಗಳಿಗೆ ಅದನ್ನೇ ನಂಬಿ. ಇಲ್ಲಿ ಕೊಟ್ಟಿರುವ ಅಂಕಿಗಳು ಪುಸ್ತಕ ಸಿಗದವರಿಗೆ.

ಗ್ಯಾಸ್ಕೆಟ್, ಪ್ಯಾಕಿಂಗ್ ಎರಡೂ ಒಂದೇನಾ?

ಒಂದೇ. ಪುಸ್ತಕದಲ್ಲಿ ಗ್ಯಾಸ್ಕೆಟ್, ಗ್ಯಾರೇಜಿನಲ್ಲಿ ಪ್ಯಾಕಿಂಗ್. ನಾನು ಪ್ಯಾಕಿಂಗ್ ಅಂತಲೇ ಬರೆಯುತ್ತೇನೆ.

ಅಷ್ಟು ತೆಳ್ಳಗಿನ ಕಾಗದದ ತುಂಡಿನಿಂದ ಇಷ್ಟೊಂದು ತೊಂದರೆ ಹೇಗೆ?

ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಥ್ರಾಟಲ್ ಬಟರ್‌ಫ್ಲೈ, ಅಂದರೆ ಕಾರ್ಬುರೇಟರ್‌ನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಎಳೆಯುತ್ತದೆ, ಆದರೆ ಗಾಳಿ ಬರುವ ದಾರಿ ತೀರಾ ಕಿರಿದು. ಅದಕ್ಕೇ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಆಗುತ್ತದೆ. ಚೆನ್ನಾಗಿರುವ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಗೇಜ್ ಹಚ್ಚಿದರೆ ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಇಡೀ ಒತ್ತಡವೇ 29.92 ಇಂಚು. ಹೊರಗಿನ ಗಾಳಿ ಒಳಗೆ ನುಗ್ಗಲು ಎಷ್ಟು ಒತ್ತುತ್ತಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಬಟರ್‌ಫ್ಲೈ ಅಂಚಿನಲ್ಲಿ ಇರುವ ಸಂದಿಯೇ ಕೂದಲೆಳೆಯಷ್ಟು. ಪ್ಯಾಕಿಂಗ್ ಹತ್ತಿರ ಇನ್ನೊಂದು ಕೂದಲೆಳೆ ಸಂದಿ ತೆರೆದರೆ ಬೇಡದ ಗಾಳಿ ಒಳಗೆ ಸೇರುತ್ತದೆ. ಈ ಗಾಳಿ ಕಾರ್ಬುರೇಟರ್ ಮೂಲಕ ಬಂದಿಲ್ಲ, ಹಾಗಾಗಿ ಜೊತೆಗೆ ಪೆಟ್ರೋಲನ್ನೂ ತಂದಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಸಾಕು. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಮಿಶ್ರಣ ತೆಳುವಾಗಿ ಎಂಜಿನ್ ಎಡವುತ್ತದೆ.

ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಟರ್‌ಫ್ಲೈ ತೆರೆದು ವ್ಯಾಕ್ಯೂಮ್ ಬಹುತೇಕ ಇಲ್ಲವಾಗುತ್ತದೆ. ಆಗ ಸೋರಿಕೆಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. "ರಸ್ತೆಯಲ್ಲಿ ಚೆನ್ನಾಗಿ ಓಡುತ್ತೆ, ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಪ್ಯಾಕಿಂಗ್ ಕಡೆ ನೋಡುವುದು ಇದಕ್ಕೇ.

ಪ್ಯಾಕಿಂಗ್ ಹೋಗಿದೆ ಅಂತ ಗುರುತಿಸುವುದು ಹೇಗೆ?

ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಒಂದೇ ಸಮ ನಿಲ್ಲುವುದಿಲ್ಲ. ಐಡಲ್ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸ ಕಾಣುವುದಿಲ್ಲ. ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದರೆ ಎಂಜಿನ್ ನೆಟ್ಟಗಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬರಬಹುದು. ಕಿವಿ ಹತ್ತಿರ ಹಿಡಿದರೆ ಕೆಲವೊಮ್ಮೆ ಸುಯ್ ಅಂತ ಎಳೆತದ ಸದ್ದು ಕೇಳುತ್ತದೆ. ಫ್ಯಾನ್ ಬೆಲ್ಟ್ ಇರುವ ಎಂಜಿನ್ನಿಗೆ ಕಿವಿ ಕೊಡುವ ಮುಂಚೆ ಟೈ, ಶಾಲು, ಉದ್ದ ಕೂದಲು ನೋಡಿಕೊಳ್ಳಿ.

ಸ್ಪಾರ್ಕ್ ಪ್ಲಗ್ ಕೂಡ ಮಾತಾಡುತ್ತದೆ. ತುದಿ ಬೆಳ್ಳಗೆ ಸುಣ್ಣದಂತಿದ್ದರೆ ಮಿಶ್ರಣ ತೆಳು. ಎರಡು ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಒಂದು ಕಡೆಯ ಪ್ಲಗ್‌ಗಳು ಮಾತ್ರ ಬೆಳ್ಳಗಿದ್ದರೆ ಯಾವ ಕಾರ್ಬುರೇಟರ್ ಬಿಚ್ಚಬೇಕು ಅಂತ ಯೋಚಿಸುವ ಕೆಲಸವೇ ಇಲ್ಲ.

ಟೂ-ಸ್ಟ್ರೋಕ್ ಗಾಡಿಯವರು ಇದನ್ನು ನಾಳೆಗೆ ಬಿಡಬೇಡಿ. ಅದರಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಜಾಸ್ತಿ. ಪಿಸ್ಟನ್ ಜಾಮ್ ಆಗಲು ಅಷ್ಟು ಸಾಕು.

ಸೋರುತ್ತಿರುವುದು ಪ್ಯಾಕಿಂಗೇನಾ ಅಥವಾ ಬೇರೆಯದಾ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಒಂದೆರಡು ಹನಿ ಸೋಪು ಹಾಕಿ, ಪ್ಯಾಕಿಂಗ್ ಅಂಚಿನ ಸುತ್ತ ಸಣ್ಣದಾಗಿ ಸಿಂಪಡಿಸಿ. ಸಂದಿ ಇದ್ದರೆ ನೀರು ಅದನ್ನು ಕ್ಷಣ ಹೊತ್ತು ಮುಚ್ಚುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಮಾತ್ರ ನೀರು ಬೀಳಬಾರದು.

ಬಹಳ ಜನ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರೆ. ಅದು ಇನ್ನೂ ಚೆನ್ನಾಗಿ ತೋರಿಸುತ್ತದೆ, ನಿಜ. ಆದರೆ ಪಕ್ಕದಲ್ಲೇ ಕೆಂಪಗೆ ಕಾದ ಎಕ್ಸಾಸ್ಟ್ ಇರುತ್ತದೆ, ಹಳೆಯ ಸ್ಪಾರ್ಕ್ ವೈರುಗಳು ಕಿಡಿ ಬಿಡುತ್ತಿರುತ್ತವೆ. ಒಮ್ಮೆ ಬೆಂಕಿ ಹೊತ್ತಿಕೊಂಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ನಾನು ನೀರಿಗೇ ಅಂಟಿಕೊಂಡಿದ್ದೇನೆ.

ಪ್ಯಾಕಿಂಗ್ ಸುತ್ತ ಏನೂ ಆಗದಿದ್ದರೆ ಬಟರ್‌ಫ್ಲೈ ಕೂತಿರುವ ಥ್ರಾಟಲ್ ಶಾಫ್ಟ್‌ನ ಎರಡು ತುದಿ ನೋಡಿ. ಹಳೆಯ ಕಾರ್ಬುರೇಟರ್‌ನಲ್ಲಿ ಶಾಫ್ಟ್ ಸವೆದು ಅಲ್ಲಾಡುವುದು ತುಂಬಾ ಸಾಮಾನ್ಯ, ಲಕ್ಷಣಗಳೂ ಹೀಗೇ ಇರುತ್ತವೆ. ಆಮೇಲೆ ಮ್ಯಾನಿಫೋಲ್ಡ್ ಮತ್ತು ಸಿಲಿಂಡರ್ ಹೆಡ್ ನಡುವಿನ ಪ್ಯಾಕಿಂಗ್, ಬ್ರೇಕ್ ಹಗುರ ಮಾಡುವ ಸರ್ವೋದ ಪೈಪು, ಕಿಡಿಯ ಹೊತ್ತು ಹೊಂದಿಸುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪು. ಪೈಪುಗಳನ್ನು ಒಂದೊಂದಾಗಿ ಕಿತ್ತು, ಅದು ಕೂತಿದ್ದ ಬಾಯಿ ಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ನಾಲ್ಕು ಬಗೆ ತೋರಿಸುತ್ತಾರೆ. ಯಾವುದು ತರಲಿ?

ಬಿಚ್ಚಿದಾಗ ಏನಿತ್ತೋ ಅದು ಅಂತ ಹೇಳಬಹುದಿತ್ತು. ಆದರೆ ನಿಮಗಿಂತ ಮುಂಚೆ ಐದು ಜನ ಬಿಚ್ಚಿರುತ್ತಾರೆ, ಅದರಲ್ಲಿ ಇಬ್ಬರು ಸಿಕ್ಕಿದ್ದನ್ನು ಹಾಕಿರುತ್ತಾರೆ. ಅದಕ್ಕೇ ಬಗೆಗಳನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲನೆಯದು ಬರೀ ಪೇಪರ್ ಅಥವಾ ಫೈಬರ್ ಪ್ಯಾಕಿಂಗ್. ಅರ್ಧ ಮಿಲಿಮೀಟರ್‌ನಿಂದ ಒಂದೂವರೆ ಮಿಲಿಮೀಟರ್ ದಪ್ಪ. ಗಾಳಿ ತಡೆಯುವುದಷ್ಟೇ ಇದರ ಕೆಲಸ.

ಎರಡನೆಯದು ಬೇಕಲೈಟ್‌ನಂಥ ಗಟ್ಟಿ ವಸ್ತುವಿನ ದಪ್ಪ ತುಂಡು. ಎಂಜಿನ್ ಬಿಸಿ ಕಾರ್ಬುರೇಟರ್‌ಗೆ ಏರದಂತೆ ಇದು ತಡೆಯುತ್ತದೆ. ತಾನಾಗಿ ಗಾಳಿ ತಡೆಯಲು ಇದಕ್ಕೆ ಬರುವುದಿಲ್ಲ, ಅದಕ್ಕೆ ಮೇಲೊಂದು ಕೆಳಗೊಂದು ಪೇಪರ್ ಬೇಕು. ಎಸ್‌ಯು ಕಂಪನಿಯ ಕಾರ್ಬುರೇಟರ್ ಇರುವ ಹಲವು ಬ್ರಿಟಿಷ್ ಕಾರುಗಳಲ್ಲಿ ಇದರ ಜೊತೆಗೆ ತಗಡಿನ ಹೀಟ್ ಶೀಲ್ಡ್ ಕೂಡ ಇರುತ್ತದೆ. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಂಥ ಗಾಡಿಯಲ್ಲಿ ಮ್ಯಾನಿಫೋಲ್ಡ್ ಕಡೆಯಿಂದ ಎಣಿಸಿದರೆ ಪೇಪರ್, ಬೇಕಲೈಟ್, ಪೇಪರ್, ಶೀಲ್ಡ್, ಪೇಪರ್, ಆಮೇಲೆ ಕಾರ್ಬುರೇಟರ್. ಇದರಲ್ಲಿ ಒಂದು ಪೇಪರ್ ಬಿಟ್ಟರೂ ಸೋರುತ್ತದೆ. ಹೆಚ್ಚಿನವರು ಬಿಡುವುದು ಶೀಲ್ಡ್ ಮತ್ತು ಕಾರ್ಬುರೇಟರ್ ನಡುವಿನದನ್ನು.

ಮೂರನೆಯದು ಓ-ರಿಂಗ್, ಅಂದರೆ ರಬ್ಬರ್ ಬಳೆ. 1967ರಲ್ಲಿ ಬಂದ ಅಮಾಲ್ ಕಾನ್ಸೆಂಟ್ರಿಕ್ ಕಾರ್ಬುರೇಟರ್ ಇರುವ ಬೈಕುಗಳಲ್ಲಿ ಫ್ಲಾಂಜ್, ಅಂದರೆ ಮ್ಯಾನಿಫೋಲ್ಡ್‌ಗೆ ಕೂರುವ ಚಪ್ಪಟೆ ಬುಡದ ಮುಖದಲ್ಲೇ ಒಂದು ತೋಡು ಕೊರೆದು ರಿಂಗ್ ಕೂರಿಸಿರುತ್ತಾರೆ. ವೆಬರ್ ಡಿಸಿಒಇ ಕಾರ್ಬುರೇಟರ್‌ಗಳನ್ನು ರಬ್ಬರ್ ರಿಂಗ್ ಇರುವ ಪ್ಲೇಟ್ ಮೇಲೆ ಕೂರಿಸಿ, ನಟ್ ಕೆಳಗೆ ಥ್ಯಾಕರೆ ವಾಷರ್ ಎಂಬ ಸುರುಳಿ ವಾಷರ್ ಹಾಕುತ್ತಾರೆ. ಅಲ್ಲಿ ನಟ್ಟನ್ನು ಪೂರ್ತಿ ಬಿಗಿ ಮಾಡುವಂತಿಲ್ಲ. ಸುರುಳಿಯ ನಡುವೆ ಸಂದು ಉಳಿದಿರಬೇಕು, ಕಾರ್ಬುರೇಟರ್ ಸ್ವಲ್ಪ ಕುಲುಕಾಡುವಂತಿರಬೇಕು. ಕುಲುಕಾಟ ಹೀರಿಕೊಳ್ಳದಿದ್ದರೆ ಪೆಟ್ರೋಲ್ ತುಂಬಿ ನಿಲ್ಲುವ ಬೌಲ್‌ನಲ್ಲಿ ನೊರೆ ಬರುತ್ತದೆ.

ನಾಲ್ಕನೆಯದು ಸ್ಟೀಲ್ ತಗಡು ಸೇರಿದ ಪ್ಯಾಕಿಂಗ್. ಕೆಲವು ಹಳೆಯ ಅಮೆರಿಕನ್ ವಿ8 ಎಂಜಿನ್ನುಗಳಲ್ಲಿ ಕಾರ್ಬುರೇಟರ್ ಬೇಗ ಬಿಸಿಯಾಗಲಿ ಅಂತ ಎಕ್ಸಾಸ್ಟ್ ಹೊಗೆಯನ್ನು ಅದರ ಬುಡದವರೆಗೂ ತಂದಿರುತ್ತಾರೆ. ಮ್ಯಾನಿಫೋಲ್ಡ್ ಮುಖದ ಮೇಲೆ ಕುದುರೆ ಲಾಳದ ಆಕಾರದ ಕಾಲುವೆ ಕಂಡರೆ ಅದೇ. ಅಲ್ಲಿ ಬರೀ ಪೇಪರ್ ಹಾಕಿದರೆ ಸುಟ್ಟು ಹೋಗುತ್ತದೆ, ಬಿಸಿ ಹೊಗೆ ಕಾರ್ಬುರೇಟರ್ ಬುಡವನ್ನೇ ತಿನ್ನುತ್ತದೆ.

ಹಳೆಯ ಸ್ಟಾಕ್ ಪ್ಯಾಕಿಂಗ್ ಸಿಕ್ಕಿದೆ. ತೂತುಗಳು ಸ್ಟಡ್‌ಗೆ (ಮ್ಯಾನಿಫೋಲ್ಡ್‌ನಲ್ಲಿ ನೆಟ್ಟ, ತಲೆಯಿಲ್ಲದ ಬೋಲ್ಟ್) ಹೊಂದುತ್ತಿಲ್ಲ. ತಪ್ಪು ಪಾರ್ಟ್ ಕೊಟ್ಟರಾ?

ಇರಲಾರದು. ಪೇಪರ್ ಮತ್ತು ಕಾರ್ಕ್ ಒಣಗಿ ಒಣಗಿ ಕುಗ್ಗುತ್ತವೆ. ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಇಡಿ. ಬಹಳ ಸಲ ಮೊದಲಿನ ಅಳತೆಗೆ ಬರುತ್ತದೆ. ಹೊಂದಿದ ಕೂಡಲೇ ಒರೆಸಿ ಕೂರಿಸಿ. ಎಳೆದು ತೂತಿಗೆ ಹೊಂದಿಸಲು ಹೋಗಬೇಡಿ, ತೂತಿನ ಸುತ್ತಲಿನ ಕಿವಿ ಹರಿಯುತ್ತದೆ. ಬಗ್ಗಿಸಿದರೆ ಹಪ್ಪಳದಂತೆ ಮುರಿಯುವ ಪ್ಯಾಕಿಂಗ್ ಆದರೆ ಅದನ್ನು ಅಚ್ಚಿಗೆ ಇಟ್ಟುಕೊಳ್ಳಿ, ಎಂಜಿನ್ನಿಗೆ ಹಾಕಬೇಡಿ.

ಬಿಚ್ಚುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಪೆಟ್ರೋಲ್ ಕಾಕ್ ಮುಚ್ಚಿ, ಪೈಪಿನಲ್ಲಿ ಉಳಿದದ್ದನ್ನು ಡಬ್ಬಿಗೆ ಇಳಿಸಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಮೂಲೆಯಲ್ಲಿ ಯಾವುದಾದರೂ ಜ್ವಾಲೆ ಇದ್ದರೆ ಕೆಲಸ ಬೇಡ. ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಲಿಂಕೇಜು, ಸ್ಪ್ರಿಂಗು, ಪೈಪು ಎಲ್ಲದರ ಫೋಟೋ ಎರಡು ಕಡೆಯಿಂದ ತೆಗೆದುಕೊಳ್ಳಿ. ರಿಟರ್ನ್ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಅನ್ನುವುದು ಎರಡು ದಿನ ಬಿಟ್ಟು ನೆನಪಿರುವುದಿಲ್ಲ.

ಕಾರ್ಬುರೇಟರ್ ಎತ್ತಿದ ಮರುಕ್ಷಣ ಮ್ಯಾನಿಫೋಲ್ಡ್ ಬಾಯಿಗೆ ಬಟ್ಟೆ ತುರುಕಿ. ಬಣ್ಣದ, ದೊಡ್ಡ ಬಟ್ಟೆ, ಅರ್ಧ ಹೊರಗೆ ನೇತಾಡುತ್ತಿರಲಿ. ನಾನು ಒಮ್ಮೆ ಚಿಕ್ಕ ಬಿಳಿ ಬಟ್ಟೆ ತುರುಕಿ ಮರೆತು, ಎಲ್ಲ ಜೋಡಿಸಿ, ಸ್ಟಾರ್ಟ್ ಆಗದ ಎಂಜಿನ್ ಮುಂದೆ ಅರ್ಧ ದಿನ ಇಗ್ನಿಷನ್ ಪರೀಕ್ಷೆ ಮಾಡಿದ್ದೇನೆ.

ಹಳೆಯ ಪ್ಯಾಕಿಂಗ್ ಕಲ್ಲಿನಂತೆ ಅಂಟಿಕೊಂಡಿದೆ. ಹೇಗೆ ತೆಗೆಯಲಿ?

ನಿಧಾನವಾಗಿ. ಹೆಚ್ಚಿನ ಕಾರ್ಬುರೇಟರ್ ಬಾಡಿ ಸತುವಿನ ಮಿಶ್ರಲೋಹ ಅಥವಾ ಅಲ್ಯೂಮಿನಿಯಂ. ಎರಡೂ ಮೆದು. ಸ್ಕ್ರೂಡ್ರೈವರ್‌ನಿಂದ ಕೆರೆದ ಒಂದು ಗೀರು ಸಾಕು, ಅದೇ ಗಾಳಿಗೆ ಕಾಲುವೆ. ಗ್ಯಾಸ್ಕೆಟ್ ರಿಮೂವರ್ ಅಥವಾ ಸ್ವಲ್ಪ ಡೀಸೆಲ್ ಹಚ್ಚಿ ಬಿಡಿ. ನೆನೆದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ತಳ್ಳಿ. ಡ್ರಿಲ್‌ಗೆ ತಂತಿ ಬ್ರಶ್ ಹಾಕಿ ಉಜ್ಜುವುದು, ಗ್ರೈಂಡರ್ ಹಚ್ಚುವುದು ಬೇಡವೇ ಬೇಡ.

ಇನ್ನೊಂದು ಮಾತು. 1980ರ ದಶಕದವರೆಗೂ ಬಿಸಿ ತಡೆಯುವ ಹಲವು ಪ್ಯಾಕಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೋಡಿ ಹೇಳಲು ಆಗುವುದಿಲ್ಲ. ಹಳೆಯದಾಗಿ ಬೂದು ಬಣ್ಣದ್ದು ಕಂಡರೆ ಇದೆ ಅಂತಲೇ ಅಂದುಕೊಳ್ಳಿ. ಒಣಗಿರುವಾಗ ಉಜ್ಜಬೇಡಿ, ಏರ್ ಹೊಡೆಯಬೇಡಿ. ಒದ್ದೆ ಮಾಡಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿ. ದೂಳಿಗೆ ಸರಿಯಾದ ಮಾಸ್ಕ್ ಹಾಕಿಕೊಳ್ಳಿ.

ಹೊಸ ಪ್ಯಾಕಿಂಗ್ ಹಾಕಿದೆ, ಚೆನ್ನಾಗಿ ಬಿಗಿದೆ, ಆದರೂ ಸೋರುತ್ತಿದೆ. ಪ್ಯಾಕಿಂಗ್ ಕ್ವಾಲಿಟಿ ಸರಿಯಿಲ್ಲವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹತ್ತರಲ್ಲಿ ಎಂಟು ಸಲ ಪ್ಯಾಕಿಂಗ್ ಸರಿಯಾಗಿಯೇ ಇರುತ್ತದೆ. ಆ "ಚೆನ್ನಾಗಿ ಬಿಗಿದೆ" ಅನ್ನುವುದರಲ್ಲೇ ಕಥೆ ಇದೆ.

ಫ್ಲಾಂಜ್‌ನ ಎರಡು ಕಿವಿಗಳಲ್ಲಿ ಸ್ಟಡ್ ಇದೆ, ನಡುವೆ ದೊಡ್ಡ ತೂತು. ನಟ್ ಬಿಗಿದಷ್ಟೂ ಕಿವಿಗಳು ಕೆಳಗೆ ಬಾಗುತ್ತವೆ, ಕೆಳಗಿರುವ ಮೆತ್ತನೆ ಪ್ಯಾಕಿಂಗ್ ಅದಕ್ಕೆ ಜಾಗ ಕೊಡುತ್ತದೆ. ಕಿವಿ ಬಾಗಿದರೆ ನಡುಭಾಗ ಎದ್ದು ನಿಲ್ಲುತ್ತದೆ. ಅಲ್ಲಿ ಗಾಳಿ ಸೋರುತ್ತದೆ. ಸೋರುತ್ತಿದೆ ಅಂತ ಇನ್ನಷ್ಟು ಬಿಗಿಯುತ್ತೇವೆ, ಕಿವಿ ಇನ್ನಷ್ಟು ಬಾಗುತ್ತದೆ. ಮೂವತ್ತು, ನಲವತ್ತು ವರ್ಷ ಬೇರೆ ಬೇರೆ ಕೈಗಳು ಹೀಗೆ ಬಿಗಿದ ಫ್ಲಾಂಜ್ ಬಾಳೆಹಣ್ಣಿನಂತೆ ಬಾಗಿರುತ್ತದೆ. ಅಮಾಲ್ ಕಾನ್ಸೆಂಟ್ರಿಕ್ ಇರುವ ಬೈಕಿನವರಿಗೆ ಇದು ಚಿರಪರಿಚಿತ. ಓ-ರಿಂಗ್ ಮುಖದಿಂದ ಸ್ವಲ್ಪ ಹೊರಗೆ ಇರುತ್ತದೆ, ಜನ ಆ ಸಂದು ಕಂಡು ಅದು ಮುಚ್ಚುವವರೆಗೂ, ಮುಚ್ಚಿದ ಮೇಲೂ ಬಿಗಿಯುತ್ತಾರೆ.

ನೋಡುವುದು ಸುಲಭ. ಸ್ಟೀಲ್ ಸ್ಕೇಲಿನ ಅಂಚನ್ನು ಫ್ಲಾಂಜ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಬೆಳಕಿಗೆ ಹಿಡಿಯಿರಿ. ಕೆಳಗೆ 0.1 ಮಿಲಿಮೀಟರ್ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ನುಸುಳಿದರೆ ನಾನು ಸಮ ಮಾಡದೆ ಕೂರಿಸುವುದಿಲ್ಲ. ಮ್ಯಾನಿಫೋಲ್ಡ್ ಮುಖವನ್ನೂ ಹಾಗೇ ನೋಡಿ. ಎಲ್ಲರೂ ಕಾರ್ಬುರೇಟರ್ ಒಂದನ್ನೇ ನೋಡುತ್ತಾರೆ.

ಸಮ ಮಾಡಲು ದಪ್ಪ ಗಾಜು ಬೇಕು. ಅದರ ಮೇಲೆ 320 ನಂಬರಿನ ವಾಟರ್ ಪೇಪರ್, ಸ್ವಲ್ಪ ಸೀಮೆಎಣ್ಣೆ ಅಥವಾ ಸೋಪು ನೀರು. ಕಾರ್ಬುರೇಟರ್ ಪೂರ್ತಿ ಬಿಚ್ಚಿರಬೇಕು. ಬಟರ್‌ಫ್ಲೈ, ಪೆಟ್ರೋಲ್ ಅಳೆದು ಬಿಡುವ ಜೆಟ್ ಒಳಗೇ ಇದ್ದರೆ ಉಜ್ಜಿದ ಪುಡಿ ಅಲ್ಲಿಗೇ ಹೋಗಿ ಕೂರುತ್ತದೆ. ಫ್ಲಾಂಜ್ ಮುಖಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೀಟು ಎಳೆದು, ಎಂಟು ಬರೆದಂತೆ ಹಗುರವಾಗಿ ಉಜ್ಜಿ. ಆಗಾಗ ಕಾಲು ಸುತ್ತು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ಕೈಭಾರ ಒಂದೇ ಕಡೆ ಬೀಳುತ್ತದೆ. ಮೊದಲು ಕಿವಿಗಳ ತುದಿಯ ಮತ್ತು ನಡುವಿನ ಗೀಟುಗಳಲ್ಲಿ ಯಾವುದು ಅಳಿಸಿತು ಅನ್ನುವುದೇ ಬಾಗು ಎಲ್ಲಿದೆ ಅಂತ ಹೇಳುತ್ತದೆ. ಗೀಟೆಲ್ಲಾ ಸಮನಾಗಿ ಅಳಿಸುವವರೆಗೆ ಉಜ್ಜಿ, ಕೊನೆಗೆ 600 ನಂಬರಿನಲ್ಲಿ ನಾಲ್ಕು ಸುತ್ತು. ಆಮೇಲೆ ಪೆಟ್ರೋಲಿನಲ್ಲಿ ತೊಳೆದು, ಸಣ್ಣ ದಾರಿಗಳಿಗೆಲ್ಲಾ ಏರ್ ಹೊಡೆಯಿರಿ.

ಓ-ರಿಂಗ್ ಇರುವುದನ್ನು ಜಾಸ್ತಿ ಉಜ್ಜಿದರೆ ತೋಡಿನ ಆಳ ಕಡಿಮೆಯಾಗಿ ರಿಂಗ್ ಇನ್ನಷ್ಟು ಹೊರಗೆ ಬರುತ್ತದೆ. ಅಲ್ಲಿ ಎಷ್ಟು ಬೇಕೋ ಅಷ್ಟೇ. ಬಾಗಿದ ಕಿವಿಯನ್ನು ವೈಸ್‌ನಲ್ಲಿ ಹಿಡಿದು ವಾಪಸ್ ಬಗ್ಗಿಸುವವರೂ ಇದ್ದಾರೆ. ಸತುವಿನ ಬಾಡಿ ಬಗ್ಗುವುದಕ್ಕಿಂತ ಮುರಿಯುವುದೇ ಬೇಗ.

ಹಾಗಾದರೆ ಎಷ್ಟು ಬಿಗಿಯಬೇಕು?

ನಾಲ್ಕು ಸ್ಟಡ್‌ನ ಅಮೆರಿಕನ್ ಮಾದರಿಯ ಕಾರ್ಬುರೇಟರ್‌ಗೆ, 5/16 ಇಂಚಿನ ಸ್ಟಡ್ ಇದ್ದರೆ, 60ರಿಂದ 80 ಇಂಚು-ಪೌಂಡ್ ಸಾಕು. ಅಂದರೆ ಸುಮಾರು 7ರಿಂದ 9 ನ್ಯೂಟನ್ ಮೀಟರ್. 6 ಮಿಲಿಮೀಟರ್ ಸ್ಟಡ್‌ಗಳಿಗೂ 8ರ ಆಸುಪಾಸು. ಇಂಚು-ಪೌಂಡ್ ಮತ್ತು ಅಡಿ-ಪೌಂಡ್ ಗೊಂದಲ ಮಾಡಿಕೊಳ್ಳಬೇಡಿ, ಎರಡರ ನಡುವೆ 12 ಪಟ್ಟು ವ್ಯತ್ಯಾಸ.

ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಚಿಕ್ಕ ಸ್ಪ್ಯಾನರ್ ತೆಗೆದುಕೊಂಡು, ಎರಡು ಬೆರಳಿನಲ್ಲಿ, ಅದರ ತಲೆ ಹತ್ತಿರ ಹಿಡಿದು ಬಿಗಿಯಿರಿ. ಉದ್ದ ಹಿಡಿ ಇರುವ ರಾಚೆಟ್ ದೂರ ಇರಲಿ. ಮೊದಲು ಎಲ್ಲ ನಟ್ಟುಗಳನ್ನೂ ಬೆರಳಲ್ಲೇ ಮುಟ್ಟಿಸಿ. ಆಮೇಲೆ ಒಂದಕ್ಕೆ ಕಾಲು ಸುತ್ತು, ಎದುರಿನದಕ್ಕೆ ಕಾಲು ಸುತ್ತು. ನಾಲ್ಕಿದ್ದರೆ ಮೂಲೆಯಿಂದ ಮೂಲೆಗೆ. ಒಂದು ನಟ್ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಫ್ಲಾಂಜ್ ಓರೆಯಾಗಿ ಕೂತು, ಕೆಲವೊಮ್ಮೆ ಕಿವಿಯೇ ಮುರಿದು ಕೈಗೆ ಬರುತ್ತದೆ.

ಸಿಲಿಕೋನ್ ಅಥವಾ ಗಮ್ ಹಚ್ಚಬೇಕಾ?

ಮುಖ ಸಮ ಇದ್ದರೆ ಏನೂ ಬೇಡ, ಒಣಗಿದ ಮುಖಕ್ಕೆ ಒಣ ಪ್ಯಾಕಿಂಗ್. ಸಾಮಾನ್ಯ ಸಿಲಿಕೋನ್ ಅಂತೂ ಇಲ್ಲಿ ಬೇಡವೇ ಬೇಡ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗಿ ಚೂರು ಚೂರಾಗಿ ಕಿತ್ತು ಬರುತ್ತದೆ. ಅಂಥ ಚೂರು ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಹುಡುಕಿ ಸಾಕಾಗುತ್ತದೆ. ಅಲ್ಲದೆ ಅದು ಜಾರುವ ವಸ್ತು, ಬಿಗಿಯುವಾಗ ಪೇಪರ್ ಪ್ಯಾಕಿಂಗ್ ಪಕ್ಕಕ್ಕೆ ಜಾರಿಬಿಡುತ್ತದೆ.

ಮುಂದೆ ಸುಲಭವಾಗಿ ಬಿಡಿಸಲು ಬರಲಿ ಅಂತಿದ್ದರೆ ಬೆರಳ ತುದಿಯಲ್ಲಿ ಗ್ರೀಸ್ ಸವರಬಹುದು. ಸವರಿದ್ದು ಕಣ್ಣಿಗೆ ಕಂಡರೆ ಜಾಸ್ತಿಯಾಯಿತು ಅಂತ ಅರ್ಥ.

ಪ್ಯಾಕಿಂಗ್‌ಗೆ ಮೇಲೆ ಕೆಳಗೆ ಅಂತ ಇದೆಯಾ?

ಸುತ್ತ ಒಂದೇ ಥರ ಇದ್ದರೆ ಇಲ್ಲ. ಸಣ್ಣ ತೂತೋ ಕಚ್ಚೋ ಇದ್ದರೆ ಖಂಡಿತಾ ಇದೆ. ಆ ಸಣ್ಣ ತೂತು ವ್ಯಾಕ್ಯೂಮ್ ಅಡ್ವಾನ್ಸ್‌ಗೋ, ಕ್ರ್ಯಾಂಕ್‌ಕೇಸ್ ಗಾಳಿಗೋ, ಐಡಲ್ ದಾರಿಗೋ ಇರುತ್ತದೆ. ಉಲ್ಟಾ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಕೂರಿಸುವ ಮುಂಚೆ ಪ್ಯಾಕಿಂಗನ್ನು ಮೊದಲು ಕಾರ್ಬುರೇಟರ್ ಬುಡಕ್ಕೆ, ಆಮೇಲೆ ಮ್ಯಾನಿಫೋಲ್ಡ್‌ಗೆ ಹಿಡಿದು ನೋಡಿ. ಎರಡೂ ಕಡೆ ಪ್ರತಿ ತೂತೂ ತೆರೆದಿರಬೇಕು. ಎಲ್ಲ ಮಾದರಿಗೂ ಆಗಲಿ ಅಂತ ಮಾಡಿದ ಸೆಟ್‌ಗಳಲ್ಲಿ ಎರಡು ಮೂರು ಬಗೆ ಇರುತ್ತವೆ, ಆಕಾರ ಒಂದೇ, ತೂತು ಬೇರೆ.

ಕೂರಿಸಿದ ಮೇಲೆ ಸ್ಟಾರ್ಟ್ ಮಾಡಬಹುದಾ?

ತಡೀರಿ. ಇದೊಂದನ್ನು ಯಾರೂ ಬಿಡಬಾರದು. ಥ್ರಾಟಲ್ ಪೂರ್ತಿ ತೆರೆದಾಗ ಬಟರ್‌ಫ್ಲೈ ಅಂಚು ಹಲವು ಕಾರ್ಬುರೇಟರ್‌ಗಳಲ್ಲಿ ಫ್ಲಾಂಜ್‌ಗಿಂತ ಕೆಳಗೆ ಇಳಿಯುತ್ತದೆ. ಪ್ಯಾಕಿಂಗ್ ತೂತು ಚಿಕ್ಕದಿದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ಆ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಕೈಯಲ್ಲಿ ಲಿವರ್ ಪೂರ್ತಿ ತೆರೆದು ಬಿಡಿ. ಟಕ್ ಅಂತ ತಾನಾಗಿ ಮುಚ್ಚಬೇಕು. ಹತ್ತು ಸಲ ಮಾಡಿ. ಆಮೇಲೆ ಒಬ್ಬರು ಪೆಡಲ್ ಒತ್ತಲಿ, ನೀವು ಬಟರ್‌ಫ್ಲೈ ನೋಡಿ. ಹಳೆಯದಕ್ಕಿಂತ ದಪ್ಪ ಪ್ಯಾಕಿಂಗ್ ಹಾಕಿದ್ದರೆ ಕೇಬಲ್, ರಾಡ್ ಎಲ್ಲದರ ಅಳತೆಯೂ ಸ್ವಲ್ಪ ಬದಲಾಗಿರುತ್ತದೆ. ಬಾನೆಟ್ ಮುಚ್ಚುವಾಗ ಏರ್ ಫಿಲ್ಟರ್ ತಾಗುತ್ತದಾ ಅಂತಲೂ ನೋಡಿ.

ಸೋರಿಕೆ ನಿಲ್ಲಲಿ ಅಂತ ಎರಡು ಪ್ಯಾಕಿಂಗ್ ಒಟ್ಟಿಗೆ ಹಾಕಬಹುದಾ?

ಬೇಡ. ಮೆತ್ತನೆ ಪದರ ಜಾಸ್ತಿಯಾದಷ್ಟೂ ಕಿವಿ ಬಾಗಲು ಜಾಗ ಜಾಸ್ತಿ. ಬೇಕಲೈಟ್ ತುಂಡಿನ ಎರಡು ಬದಿಗೆ ಒಂದೊಂದು ಹಾಕುವುದು ಬೇರೆ ವಿಷಯ.

ನಾನೇ ಕತ್ತರಿಸಿ ಮಾಡಿಕೊಳ್ಳಬಹುದಾ?

ಖಂಡಿತಾ. ಹಳೆಯ ಗಾಡಿಗೆ ಬಹಳ ಸಲ ಬೇರೆ ದಾರಿಯೇ ಇರುವುದಿಲ್ಲ. ಪೆಟ್ರೋಲ್, ಆಯಿಲ್ ತಡೆಯುವ ಗ್ಯಾಸ್ಕೆಟ್ ಶೀಟ್ ತನ್ನಿ. ಬಿಸ್ಕತ್ತಿನ ಡಬ್ಬಿಯ ರಟ್ಟು ಮನೆ ಮುಟ್ಟಲು ಸಾಕು, ಅದಕ್ಕಿಂತ ಜಾಸ್ತಿ ಬಾಳುವುದಿಲ್ಲ.

ಹಳೆಯ ಕಾಲದ ಮೇಸ್ತ್ರಿಗಳು ಶೀಟನ್ನು ಫ್ಲಾಂಜ್ ಮೇಲಿಟ್ಟು ಸುತ್ತಿಗೆಯಿಂದ ಅಂಚಿನ ಸುತ್ತ ತಟ್ಟಿ ಕತ್ತರಿಸುತ್ತಿದ್ದರು. ನೋಡಲು ಚೆಂದ. ಎರಕದ ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಂ ಅಂಚು ಅದರಲ್ಲಿ ಜಜ್ಜಿಹೋಗುತ್ತದೆ. ನಾನು ಫ್ಲಾಂಜ್ ಮುಖಕ್ಕೆ ಸ್ಟ್ಯಾಂಪ್ ಇಂಕ್ ಸವರಿ ಶೀಟಿಗೆ ಅಚ್ಚು ಒತ್ತುತ್ತೇನೆ. ಮೊದಲು ಸ್ಟಡ್ ತೂತುಗಳನ್ನು ಪಂಚ್‌ನಿಂದ ಹೊಡೆಯುವುದು. ಬೋಲ್ಟ್ ತೂರಿಸಿ ಹೊಂದುತ್ತದಾ ನೋಡುವುದು. ಆಮೇಲೆ ನಡುವಿನ ದೊಡ್ಡ ತೂತು, ಅಂಚು ಕೊನೆಗೆ. ಅಂಚು ಮೊದಲು ಕತ್ತರಿಸಿದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ದೊಡ್ಡ ತೂತು ಬಾಯಿಗಿಂತ ಒಂದು ಮಿಲಿಮೀಟರ್ ದೊಡ್ಡದೇ ಇರಲಿ, ಒಳಗೆ ಚಾಚಬಾರದು. ನಾರು ನೇತಾಡುತ್ತಿದ್ದರೆ ಹೊಸ ಬ್ಲೇಡಿನಿಂದ ತೆಗೆಯಿರಿ.

ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಹಳೆಯ ಪ್ಯಾಕಿಂಗ್ ಹಾಳಾಗುತ್ತದಾ?

ಹಾಳಾಗುತ್ತದೆ. ಹಳೆಯ ರಬ್ಬರ್ ಉಬ್ಬುತ್ತದೆ ಅಥವಾ ಗಟ್ಟಿಯಾಗುತ್ತದೆ. ಎಥನಾಲ್ ನೀರನ್ನೂ ಹೀರಿಕೊಳ್ಳುವುದರಿಂದ ಸತು, ಅಲ್ಯೂಮಿನಿಯಂ ಮುಖಗಳ ಮೇಲೆ ಬಿಳಿ ಪುಡಿಯಂಥ ತುಕ್ಕು ಬರುತ್ತದೆ. ತೀರಾ ಹಳೆಯ ಗಾಡಿಗಳಲ್ಲಿ ಬೌಲ್‌ನಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಕಾರ್ಕ್ ಫ್ಲೋಟ್‌ಗೆ ಅರಗಿನ ಲೇಪ ಕೊಟ್ಟಿರುತ್ತಾರೆ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಎಥನಾಲ್ ಕೂಡ ಆಲ್ಕೋಹಾಲೇ. ಆಗ ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ಬೌಲ್ ತುಂಬಿ ಹರಿಯುತ್ತದೆ. ಓ-ರಿಂಗ್ ಬದಲಿಸುವಾಗ ವೈಟಾನ್ ಎಂಬ ರಬ್ಬರಿನದು ಕೇಳಿ ತನ್ನಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಬೌಲ್ ಖಾಲಿ ಮಾಡಿ ಇಡಿ.

ಬಿಸಿಯಾದ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಇದಕ್ಕೂ ಪ್ಯಾಕಿಂಗ್‌ಗೂ ಸಂಬಂಧ ಇದೆಯಾ?

ಇರಬಹುದು. ಪೆಟ್ರೋಲಿನ ಹಗುರ ಅಂಶಗಳು 35, 40 ಡಿಗ್ರಿಗೇ ಕುದಿಯಲು ಶುರುವಾಗುತ್ತವೆ. ಎಂಜಿನ್ ಓಡುವಾಗ ಹೊಸ ಪೆಟ್ರೋಲ್ ಬರುತ್ತಾ ಕಾರ್ಬುರೇಟರ್ ತಣ್ಣಗಿರುತ್ತದೆ. ನಿಲ್ಲಿಸಿದ ಮೇಲೆ ಕೆಳಗಿನ ಬಿಸಿಯೆಲ್ಲಾ ಮೇಲೇರಿ ಬೌಲ್‌ನಲ್ಲಿ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡ್‌ಗೆ ಚೆಲ್ಲುತ್ತದೆ. ಹಿಂದೆ ಬಿಚ್ಚಿದವರು ಬೇಕಲೈಟ್ ತುಂಡನ್ನು ಎಸೆದು ಬರೀ ಪೇಪರ್ ಹಾಕಿದ್ದರೆ ಹೀಗಾಗುವುದು ಸಹಜ. ಪಾರ್ಟ್ಸ್ ಪುಸ್ತಕದ ಚಿತ್ರದಲ್ಲಿ ಆ ತುಂಡು ಇದೆಯಾ ನೋಡಿ.

ಸ್ಟಡ್‌ನ ಥ್ರೆಡ್ ಹೋಗಿದೆ. ಏನು ಮಾಡಲಿ?

ಎರಡು ನಟ್ ಒಂದಕ್ಕೊಂದು ಬಿಗಿದು, ಕೆಳಗಿನದನ್ನು ತಿರುಗಿಸಿ ಹಳೆಯ ಸ್ಟಡ್ ತೆಗೆಯಿರಿ. ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ನ ಥ್ರೆಡ್ಡೇ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಿಸಿ. ಒಂದು ಸೈಜ್ ದೊಡ್ಡ ಬೋಲ್ಟ್ ಹೊಡೆಯುವ ಉಪಾಯಕ್ಕೆ ಹೋದರೆ ಪ್ಯಾಕಿಂಗ್ ತೂತೂ, ಫ್ಲಾಂಜ್ ತೂತೂ ದೊಡ್ಡದು ಮಾಡಬೇಕಾಗುತ್ತದೆ. ಡ್ರಿಲ್ ಮಾಡುವಾಗ ಮ್ಯಾನಿಫೋಲ್ಡ್ ಎಂಜಿನ್ ಮೇಲೆ ಇರಬಾರದು.

ಒಮ್ಮೆ ಕೂರಿಸಿದ ಮೇಲೆ ಮತ್ತೆ ಬಿಗಿಯಬೇಕಾ?

ಹೊಸ ಪೇಪರ್ ಪ್ಯಾಕಿಂಗ್ ಎರಡು ಮೂರು ಸಲ ಬಿಸಿಯಾಗಿ ತಣ್ಣಗಾದರೆ ಸ್ವಲ್ಪ ಕೂರುತ್ತದೆ. ತಣ್ಣಗಿರುವಾಗ ಒಮ್ಮೆ ಅದೇ ಅಳತೆಗೆ ನೋಡಿ. ನಟ್ ಸ್ವಲ್ಪ ತಿರುಗಬಹುದು, ಅಷ್ಟೇ. ಪ್ರತಿ ವಾರ ಬಿಗಿಯುವ ಚಟ ಬೇಡ.

ಪ್ಯಾಕಿಂಗ್ ಬದಲಿಸಿದ ಮೇಲೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತಿದೆ. ಕಪ್ಪು ಹೊಗೆ ಬೇರೆ.

ಹಾಗಿದ್ದರೆ ಕೆಲಸ ಬಹುಶಃ ಸರಿಯಾಗಿಯೇ ಆಗಿದೆ! ಸೋರಿಕೆ ಇದ್ದ ದಿನಗಳಲ್ಲಿ ಯಾರೋ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಜೆಟ್ ದೊಡ್ಡದು ಹಾಕಿ, ಪೆಟ್ರೋಲ್ ಜಾಸ್ತಿ ಬರುವಂತೆ ಮಾಡಿ ತೇಪೆ ಹಚ್ಚಿರುತ್ತಾರೆ. ಈಗ ಬೇಡದ ಗಾಳಿ ನಿಂತಿದೆ, ಜಾಸ್ತಿ ಪೆಟ್ರೋಲ್ ಮಾತ್ರ ಉಳಿದಿದೆ. ಎಂಜಿನ್ ಪೂರ್ತಿ ಬಿಸಿ ಮಾಡಿ, ಚೋಕ್ ತೆರೆದಿದೆ ಅಂತ ನೋಡಿಕೊಂಡು ಐಡ್ಲಿಂಗ್ ಹೊಸದಾಗಿ ಹೊಂದಿಸಿ. ಜೆಟ್ ಮೇಲಿನ ನಂಬರನ್ನು ಪುಸ್ತಕದ ಜೊತೆ ಹೋಲಿಸಿ. ಇಗ್ನಿಷನ್ ಟೈಮಿಂಗನ್ನೂ ಹಾಗೇ ಯಾರಾದರೂ ಮುಂದೆ ತಳ್ಳಿರುತ್ತಾರೆ, ಅದನ್ನೂ ನೋಡಿ.

ಬೌಲ್ ಮುಚ್ಚಳದ ಪ್ಯಾಕಿಂಗ್‌ಗೂ ಇದೇ ನಿಯಮಗಳಾ?

ಬಹುತೇಕ. ಅಲ್ಲಿ ಸೋರುವುದು ಗಾಳಿಗಿಂತ ಹೆಚ್ಚಾಗಿ ಪೆಟ್ರೋಲ್, ಹಾಗಾಗಿ ಬೆಂಕಿಯ ಭಯ ಜಾಸ್ತಿ. ಸ್ಕ್ರೂಗಳು ಚಿಕ್ಕವು, ಬಿಗಿ ಇನ್ನೂ ಕಡಿಮೆ. ಬೌಲ್‌ಗೆ ಪೆಟ್ರೋಲ್ ಬಿಡುವ, ಮುಚ್ಚಳದ ಕೆಳಗಿನ ನೀಡಲ್ ವಾಲ್ವ್‌ಗೆ ಒಂದು ವಾಷರ್ ಇರುತ್ತದೆ, ಅದನ್ನು ಸುಮ್ನೆ ಸಿಕ್ಕಿದ್ದಕ್ಕೆ ಬದಲಿಸಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್‌ನ ಸೋಲೆಕ್ಸ್‌ನಂಥ ಕಾರ್ಬುರೇಟರ್‌ಗಳಲ್ಲಿ ಪೆಟ್ರೋಲ್ ಮಟ್ಟ ಹೊಂದಿಸುವುದೇ ಆ ವಾಷರ್ ದಪ್ಪದಿಂದ.

ದಾರಿಯಲ್ಲಿ ಬಿಚ್ಚಬೇಕಾಗಿ ಬಂದು ಹೊಸ ಪ್ಯಾಕಿಂಗ್ ಇಲ್ಲದಿದ್ದರೆ?

ಒಮ್ಮೆ ಒತ್ತಿಹೋದ ಪೇಪರ್ ಎರಡನೇ ಸಲ ಅದೇ ಉಬ್ಬು ತಗ್ಗಿಗೆ ಹೊಂದುವುದಿಲ್ಲ. ಹರಿಯದೆ ಬಂದಿದ್ದರೆ ಮೊದಲಿದ್ದ ಕಡೆಗೇ, ಮೊದಲಿದ್ದ ಮುಖಕ್ಕೇ ಇಟ್ಟು, ಎರಡೂ ಬದಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಮನೆ ತಲುಪಿದ ಮೇಲೆ ಬದಲಿಸಿ. ಇನ್ನು ಮುಂದೆ ಟೂಲ್ ಬಾಕ್ಸಿನಲ್ಲಿ ಒಂದು ಹೊಸದನ್ನು ಎರಡು ಗಟ್ಟಿ ರಟ್ಟಿನ ನಡುವೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿರಿ. ಹಾಗೇ ಬಿಟ್ಟರೆ ಸ್ಪ್ಯಾನರ್‌ಗಳ ಕೆಳಗೆ ಸಿಕ್ಕಿ ಮಡಚಿಹೋಗಿರುತ್ತದೆ.